ಕೂಗದೆ ಬಿಟ್ಟ ನೀರು

ನಾನು ಕೂಗಲಿಲ್ಲ. ನನ್ನ ತಪ್ಪು ಇಷ್ಟೇ. ಕೂಗಬೇಕಾದ ಹೊತ್ತಿನಲ್ಲಿ, ಕೂಗಬೇಕಾದ ಜಾಗದಲ್ಲಿ ನಿಂತು, ಒಡಹುಟ್ಟಿದ ಅಕ್ಕನ ಹೆಸರನ್ನು ಮೂರು ಸಲ ಕೂಗುವುದನ್ನು ಬಿಟ್ಟು, ಗುದ್ದಲಿಯನ್ನು ಹೆಗಲ ಮೇಲಿಟ್ಟುಕೊಂಡು ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ. ಇದನ್ನು ಯಾವ ಕೋರ್ಟಿನಲ್ಲಿ ಹೇಳಿಕೊಂಡರೂ ವಕೀಲರು ನಕ್ಕು, ಚಹಾ ಕುಡಿಸಿ ಕಳಿಸಿಯಾರು. ಕದ್ದವನಿಗೆ ಒಂದು ಕಲಮು ಇದೆ, ಹೊಡೆದವನಿಗೆ ಒಂದು ಕಲಮು ಇದೆ. ಬಾಯಿ ಮುಚ್ಚಿಕೊಂಡು ಊಟಕ್ಕೆ ಹೋದವನಿಗೆ ಯಾವ ಕಲಮೂ ಇಲ್ಲ. ಆದ್ದರಿಂದ ಎಂಟು ವರ್ಷ ನಾನು ಊರೊಳಗೆ ಸಜ್ಜನನಾಗಿಯೇ ತಿರುಗಾಡಿದೆ.

ನನ್ನ ಮೇಲೆ ಫಿರ್ಯಾದಿ ಇದ್ದದ್ದು ಒಂದು ಡಬ್ಬಿ ಮಾತ್ರ. ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ, ಗೋಡೆಗೆ ಬೆನ್ನು ಹಚ್ಚಿ ಕೂತ ಸ್ಟೀಲಿನ ಡಬ್ಬಿ. ಅಕ್ಕನದು. ಅವಳ ಮದುವೆಯಲ್ಲಿ ಕೊಟ್ಟ ಪಾತ್ರೆಗಳಲ್ಲಿ ಅದೂ ಒಂದು. ಆಗಿನ ರೂಢಿಯಂತೆ ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದರು: ನೀಲವ್ವ. ನಾನು ಕೂಗದ ಹೆಸರು ದಿನವೂ ಮೂರು ಸಲ, ಊಟಕ್ಕೆ ಕೂತಾಗಲೆಲ್ಲ, ನನ್ನ ಕಣ್ಣ ಮುಂದೆ ಹೊಳೆಯುತ್ತಿತ್ತು. ತಿರುಗಿಸಿ ಇಟ್ಟರೆ ಹೆಂಡತಿ ಒರೆಸುವಾಗ ಮತ್ತೆ ನೇರ ಮಾಡಿ ಇಡುತ್ತಿದ್ದಳು. ಹಿಂದಕ್ಕೆ ಕೊಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆದರೆ ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವ ಪದ್ಧತಿ ಇಲ್ಲ. ಹಿಡಿ ಜೋಳ, ಒಂದು ಉಂಡಿ ಬೆಲ್ಲ, ಕಡೆಗೆ ನಾಲ್ಕು ಹಸಿಮೆಣಸಿನಕಾಯಿಯಾದರೂ ಹಾಕಿ ಕೊಡಬೇಕು. ಹಬ್ಬ ಬಂದಾಗಲೆಲ್ಲ ಹೆಂಡತಿ ಕೇಳುತ್ತಿದ್ದಳು: “ಅಕ್ಕಾರ ಡಬ್ಬಿ ಮುಟ್ಟಸೂದ ಐತ್ರಿ. ಏನ ಹಾಕಿ ಕೊಡೂಣು?” ನಾನು, “ನೋಡೂಣಂತ ತಡಿ,” ಎನ್ನುತ್ತಿದ್ದೆ. ಆ ಡಬ್ಬಿಯೊಳಗೆ ಏನು ಬಂದಿತ್ತೆಂಬುದು ನೆನಪಾದರೆ, ಅದಕ್ಕೆ ಸಮನಾಗಿ ಹಾಕಿ ಕೊಡುವಂಥ ವಸ್ತು ನನ್ನ ಮನೆಯಲ್ಲಿ ಯಾವುದೂ ಕಾಣುತ್ತಿರಲಿಲ್ಲ.

ನಮ್ಮ ಊರು ಮನೋಳಿಗೆ ಹತ್ತಿರ. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ಮಲಪ್ರಭೆಯ ನೀರು ದೊಡ್ಡ ಕೆನಾಲಿನಲ್ಲಿ ಸಾಹೇಬರಂತೆ ಗಂಭೀರವಾಗಿ ಬಂದು, ಸಣ್ಣ ಕಾಲುವೆಗಳಲ್ಲಿ ಗುಮಾಸ್ತರಂತೆ ಅವಸರ ಮಾಡಿ, ನಮ್ಮ ಹೊಲಗಾಲುವೆಗೆ ಬರುವ ಹೊತ್ತಿಗೆ ಸಂತೆ ಮುಗಿಸಿದ ಮುದುಕನಂತೆ ಕಾಲೆಳೆಯುತ್ತದೆ. ಆ ಹೊಲಗಾಲುವೆಯ ಬಾಲದಲ್ಲಿ ಎರಡೇ ಹೊಲ. ಮೇಲಿನದು ನನ್ನದು, ಕೆಳಗಿನದು ಅಕ್ಕನದು. ಅದರಾಚೆ ಹಳ್ಳ.

ಅಕ್ಕನನ್ನು ದೊಡವಾಡಕ್ಕೆ ಕೊಟ್ಟಿದ್ದೆವು. ಭಾವ ಬೇಗ ತೀರಿಕೊಂಡ. ಮಡಿಲಲ್ಲಿ ಒಂದು ಹೆಣ್ಣುಕೂಸು ಎತ್ತಿಕೊಂಡು, ಒಂದು ಟ್ರಂಕು, ಒಂದಷ್ಟು ಪಾತ್ರೆ ಹಿಡಿದುಕೊಂಡು ಅಕ್ಕ ತವರಿಗೆ ಬಂದಳು. ಅಪ್ಪ ಐದಾರು ಜನ ಹಿರಿಯರನ್ನು ಕರೆದು, ಕೆಳಗಿನ ಹೊಲ ನೀಲವ್ವನಿಗೆ ಎಂದ. ನನ್ನನ್ನು ಕೇಳಿದರು. ನಾನು ಒಂದು ಉಸಿರೂ ತಡೆಯದೆ, ಹೂಂ ಅಂದೆ. ಹಿರಿಯರ ಕಣ್ಣು ತುಂಬಿ ಬಂತು. “ತಮ್ಮ ಅಂದ್ರ ಹಿಂಗಿರಬೇಕ ನೋಡ್ರಿ, ಬಂಗಾರ!” ಎಂದು ಒಬ್ಬರು ನನ್ನ ಬೆನ್ನು ತಟ್ಟಿದರು. ಆ ತಟ್ಟಿದ ಸುಖ ನನಗೆ ಬಹಳ ದಿನ ಇತ್ತು. ಕೊಟ್ಟಾಗ ಮನುಷ್ಯನಿಗೆ ಹಿಗ್ಗು ಬರುವುದು ದೊಡ್ಡ ಮಾತಲ್ಲ; ಕೊಟ್ಟ ಹೊಲದಲ್ಲಿ ಇನ್ನೊಬ್ಬರ ಬೆಳೆ ತನ್ನದಕ್ಕಿಂತ ಗೇಣು ಎತ್ತರ ನಿಂತಾಗ ಆ ಹಿಗ್ಗು ಎಷ್ಟು ಉಳಿಯುತ್ತದೆ ಎಂಬುದು ಪರೀಕ್ಷೆ. ಆ ಪರೀಕ್ಷೆಯಲ್ಲಿ ನಾನು ಏಳನೇ ಇಯತ್ತೆಯಲ್ಲಿ ಕೂತ ಹಾಗೆಯೇ ಕೂತೆ, ಹಾಗೆಯೇ ಎದ್ದೆ. ಏಳನೆಯದಕ್ಕೇ ನನ್ನ ಶಾಲೆ ಮುಗಿದದ್ದು.

ಇನ್ನು ಕೂಗಿನ ವಿಷಯ. ನಮ್ಮ ಹೊಲಗಾಲುವೆಗೆ ಒಂದು ಕಾನೂನು ಇತ್ತು, ಮಾಡಿದವನು ಅಪ್ಪ. ಮೇಲಿನವನು ಬದುವು ಸರಿಮಾಡಲೆಂದು ತನ್ನ ಹೊಲಕ್ಕೆ ನೀರು ಹೊಗುವ ಬಾಯಿಗೆ ಮಣ್ಣು ಹಾಕಿದರೆ, ನೀರು ತಾನಾಗಿ ಕೆಳಗಿನವನ ಕಡೆ ಓಡುತ್ತದೆ. ಕೆಳಗಿನವನು, ಓಹೋ ನನ್ನ ಪಾಳಿ ಬಂತು ಎಂದು ತನ್ನ ಬಾಯಿ ತೆರೆಯುತ್ತಾನೆ. ಮೇಲಿನವನು, ನನ್ನ ಪಾಳಿ ಎಲ್ಲಿ ಮುಗಿದಿದೆಯೋ ಎಂದು ಬರುತ್ತಾನೆ. ಹೀಗೆ ಒಮ್ಮೆ ಇಬ್ಬರು ಒಳ್ಳೆಯ ಮನುಷ್ಯರು ಗುದ್ದಲಿ ಎತ್ತಿಕೊಂಡು ಒಬ್ಬರ ತಲೆ ಒಬ್ಬರು ನೋಡಿಕೊಂಡ ಮೇಲೆ ಅಪ್ಪ ಎಲ್ಲರನ್ನೂ ಕಾಲುವೆ ದಂಡೆಯ ಮೇಲೆ ಕೂರಿಸಿ ಹೇಳಿದ: “ಪಾಳಿ ಮುಗಿದಾಂವ ಕೆಳಗಿನವರ ಹೆಸರ ಹಿಡದು ಮೂರ ಸಲ ಕೂಗಬೇಕು. ಕೂಗೂತನಕ ಆ ನೀರ ಯಾರದೂ ಅಲ್ಲ. ಕೂಗಲಾರದ ನೀರಿಗೆ ಯಾರೂ ಗುದ್ದಲಿ ಹಾಕೂ ಹಂಗಿಲ್ಲ.” ಅಂದಿನಿಂದ ನಮ್ಮ ಕಾಲುವೆಯಲ್ಲಿ ನೀರು ಹರಿಯುವುದಕ್ಕಿಂತ ಮುಂದೆ ಹೆಸರು ಹರಿಯುತ್ತದೆ. ಬಸ್ಸಿನಲ್ಲಿ ಹೋಗುವ ಪರಸ್ಥಳದವರಿಗೆ, ಈ ಊರವರು ಇಷ್ಟೇಕೆ ಕಿರುಚುತ್ತಾರೋ ಎನಿಸೀತು.

ತೊಂಬತ್ತರ ದಶಕದ ಕೊನೆಯ ಒಂದು ಹಿಂಗಾರಿ ಅದು. ಇಬ್ಬರೂ ಗೋದಿ ಹಾಕಿದ್ದೆವು. ಅಕ್ಕ ಶಾವಿಗೆಗೆ ಬರುವ ಕೆಂಪು ಗೋದಿ ಹಾಕಿದ್ದಳು. ಅವಳ ಕೈಯ ಶಾವಿಗೆ ಊರಿಗೇ ಹೆಸರಾದದ್ದು. ಮಂಚದ ಮೇಲೆ ಶಾವಿಗೆ ಮಣೆ ಓರೆ ಮಾಡಿ ಇಟ್ಟು ಕೂತಳೆಂದರೆ ಎಳೆ ನೆಲ ಮುಟ್ಟುವತನಕ ಹರಿಯುತ್ತಿರಲಿಲ್ಲ. ಆ ವರ್ಷ ಅವಳ ಗೋದಿ ತೆನೆ ಬಿಟ್ಟು ಹಾಲುಗಾಳು ಹಿಡಿದಿತ್ತು. ಆ ಹೊತ್ತಿನಲ್ಲಿ ಒಂದು ನೀರು ಬಿದ್ದರೆ ಕಾಳು ತುಂಬುತ್ತದೆ, ಬೀಳದಿದ್ದರೆ ಮುರುಟುತ್ತದೆ. ಅದು ಆ ಹಂಗಾಮಿನ ಕೊನೆಯ ಪಾಳಿ. ಮರುದಿನ ಕೆನಾಲು ಬಂದ್ ಎಂದು ಡಂಗುರ ಹೊಡೆದಾಗಿತ್ತು. ನನ್ನದು ಮುಂಜಾನೆಯಿಂದ ಮಧ್ಯಾಹ್ನದವರೆಗೆ. ಅಲ್ಲಿಂದ ಹೊತ್ತು ಮುಳುಗುವತನಕ ಅಕ್ಕನದು.

ಹೊಲಕ್ಕೆ ಹೋಗುವ ಮುನ್ನ ಚಹಾದಂಗಡಿಗೆ ಹೋದೆ. ಹೋಗದಿದ್ದರೆ ಚೆನ್ನಾಗಿತ್ತು ಎಂದು ಹೇಳುವುದಿಲ್ಲ. ತಪ್ಪು ಮಾಡುವವನಿಗೆ ಚಹಾದಂಗಡಿ ಸಿಗದಿದ್ದರೆ ಪಾನಂಗಡಿ ಸಿಗುತ್ತದೆ. ಅಲ್ಲಿ ನನ್ನ ಗೆಳೆಯ ರುದ್ರಪ್ಪ ಕೂತಿದ್ದ. ಆಗಷ್ಟೇ ಊರಿಗೆ ಒಂದು ಹೊಸ ಇಂಗ್ಲಿಷ್ ಶಬ್ದ ಬಂದಿತ್ತು, ರೈವಲ್. ಟಿವಿಯ ಕ್ರಿಕೆಟ್ಟಿನಿಂದ ಇಳಿದು, ಪಂಚಾಯ್ತಿ ಎಲೆಕ್ಷನ್ನಿಗೆ ಹೊಕ್ಕು, ಅಲ್ಲಿಂದ ಬೀಗರ ಜಗಳದವರೆಗೂ ಹಬ್ಬಿತ್ತು. ಎರಡು ಬ್ಯಾಂಡ್ ಕಂಪನಿಗಳು ರೈವಲ್, ಎರಡು ಹಿಟ್ಟಿನ ಗಿರಣಿಗಳು ರೈವಲ್, ಒಂದೇ ಓಣಿಯ ಎರಡು ಹುಂಜಗಳೂ ರೈವಲ್. ರುದ್ರಪ್ಪನಿಗೆ ಆ ಶಬ್ದ ಹೊಸ ಚಪ್ಪಲಿಯಂತೆ. ಹಾಕಿಕೊಂಡು ತಿರುಗಾಡದಿದ್ದರೆ ಸಮಾಧಾನವಿಲ್ಲ.

“ಏನಪಾ ಈರಣ್ಣ, ನಿಮ್ಮಕ್ಕನ ಗೋದಿ ನೋಡೀಯೇನು?” ಎಂದ.

“ದಿನಾ ನೋಡತೇನಿ. ಯಾಕ?”

“ಹೊಲ ಕೊಟ್ಟಿ, ನೀರ ಕೊಟ್ಟಿ, ಈಗ ಹೆಸರೂ ಕೊಟ್ಟಿ ಬಿಡು. ನಿನ್ನೆ ಮಂದಿ ನಿನ್ನ ಹೊಲದ ಮ್ಯಾಲ ಹಾದು ಆಕಿ ಗೋದಿ ನೋಡಾಕ ಹೊಂಟಿದ್ರು. ನಿನ್ನ ಗೋದಿ ಕಡೆ ಒಬ್ಬಾಂವರೆ ಹೊಳ್ಳಿ ನೋಡ್ಲಿಲ್ಲಲೇ! ಮನ್ಯಾಗ ರೈವಲ್ ಸಾಕೀ ನೋಡ ನೀ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕೆ. ಆಮೇಲೆ ಹೊಲಕ್ಕೆ ಹೋದೆ.

ಮಧ್ಯಾಹ್ನ ನನ್ನ ಗೋದಿ ನೀರುಂಡಿತು. ನಾನು ನನ್ನ ಹೊಲದ ಬಾಯಿಗೆ ಮಣ್ಣು ಹಾಕಿ, ಕಾಲಿಂದ ತುಳಿದು ಗಟ್ಟಿ ಮಾಡಿದೆ. ನೀರು ಕ್ಷಣಹೊತ್ತು ನಿಂತು, ದಾರಿ ಕೇಳಿದಂತೆ ಮಾಡಿ, ಕೆಳಗೆ ಅಕ್ಕನ ಹೊಲದ ಕಡೆ ಹೊರಟಿತು. ಇನ್ನು ಕೂಗುವುದು. ಬಾಯಿ ತೆರೆದೆ ಕೂಡ. ಆದರೆ “ನೀಲಕ್ಕಾ” ಎನ್ನುವುದಕ್ಕೆ ಮೊದಲು ಆ ಚಹಾದಂಗಡಿಯ ನಗು ನೆನಪಾಯಿತು. ಬಾಯಿ ಮುಚ್ಚಿದೆ. ಒಂದು ಗಳಿಗೆ ತಡೆದು ಕೂಗಿದರಾಯಿತು, ಅಷ್ಟೊತ್ತು ಕಾಯಲಿ, ಅಂದುಕೊಂಡೆ. ಆ ಒಂದು ಗಳಿಗೆಯಲ್ಲಿ ಕಾಲು ಮನೆಯ ಕಡೆ ನಡೆಯತೊಡಗಿತು. ಕಾಲಿಗೆ ಹಸಿವಾಗಿತ್ತೆಂದು ಕಾಣುತ್ತದೆ.

ಗಮನಿಸಿ, ಗೆಳೆಯರೇ, ನಾನು ನೀರು ಕದಿಯಲಿಲ್ಲ. ಕದ್ದಿದ್ದರೆ ನನ್ನ ಗೋದಿಗಾದರೂ ಬೀಳುತ್ತಿತ್ತು. ಅಕ್ಕನ ಪಾಲಿನ ನೀರು ಅಕ್ಕನ ಹೊಲದ ಬಾಯಿಯ ಮುಂದೆಯೇ ಹರಿದು, ಯಾರದೂ ಅಲ್ಲದ ನೀರಾಗಿ, ಹೊತ್ತು ಮುಳುಗುವತನಕ ಹಳ್ಳಕ್ಕೆ ಬಿತ್ತು. ಹಳ್ಳ ಅದನ್ನು ಮತ್ತೆ ಮಲಪ್ರಭೆಗೆ ಒಪ್ಪಿಸಿತು. ಅಕ್ಕ ಬದುವಿನ ಬನ್ನಿಗಿಡದ ಬುಡದಲ್ಲಿ, ಗುದ್ದಲಿ ತೊಡೆಯ ಮೇಲಿಟ್ಟುಕೊಂಡು, ಕೂಗಿಗಾಗಿ ಕಾದಳು. ಕೂಗು ಬರಲಿಲ್ಲ, ಅವಳು ಹೊಲದ ಬಾಯಿ ತೆರೆಯಲಿಲ್ಲ.

ಸಂಜೆ ಅವಳೇ ನಮ್ಮ ಮನೆಗೆ ಬಂದಳು. ಸೀರೆಯ ಅಂಚಿಗೆ ಒಂದು ಹನಿ ಕೆಸರೂ ಇರಲಿಲ್ಲ. ನೀರಿನ ಪಾಳಿ ಮುಗಿಸಿದ ಹೆಂಗಸಿನ ಸೀರೆ ಒಣಗಿರುವುದನ್ನು ಅಂದೇ ನಾನು ಮೊದಲ ಸಲ ನೋಡಿದ್ದು.

“ಯಾಕ ಕೂಗಲಿಲ್ಲೋ ತಮ್ಮಾ?” ಎಂದಳು.

“ಕೂಗಿದ್ನೆಲ್ಲ ಅಕ್ಕಾ! ಮೂರಲ್ಲ, ನಾಕ ಸಲ ಕೂಗೀನಿ. ಗಾಳಿ ಇತ್ತು ನೋಡು, ಎದುರಗಾಳಿ. ಕೇಳಿಸಿಲ್ಲ ನಿನಗ.”

ಅಕ್ಕ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, “ಗಾಳಿ ಇತ್ತೇನ? ಇದ್ದೀತಪಾ,” ಎಂದು, ಕೊಟ್ಟ ಚಹಾ ಕುಡಿದು, ಲೋಟ ತೊಳೆದಿಟ್ಟು ಹೋದಳು. ಆ ಗಾಳಿಯನ್ನು ಊರು ನಂಬಿತು. ನಾಲ್ಕು ದಿನದಲ್ಲಿ, ಅಂದು ಎಂಥ ಗಾಳಿ ಬೀಸಿತ್ತೆಂದು ಬೇರೆಯವರೇ ನನಗೆ ವರ್ಣಿಸತೊಡಗಿದರು. ಒಬ್ಬನ ಟೊಪ್ಪಿಗೆ ಹಾರಿತ್ತಂತೆ.

ಅವಳ ಕಾಳು ಮುರುಟಿತು. ಮುರುಟಿದ ಗೋದಿಯ ರವೆಗೆ ಜಿಗುಟು ಇರುವುದಿಲ್ಲ, ಎಳೆ ಎಳೆದರೆ ಮೊಳಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ಪ್ರತಿವರ್ಷದಂತೆ ಅಕ್ಕನ ಮನೆಯಿಂದ ಶಾವಿಗೆ ಬಂತು. ಬೇರೆ ವರ್ಷ ಎಳೆ ಉದ್ದವಿರುವುದರಿಂದ ಬುಟ್ಟಿಯಲ್ಲಿ ಸುರುಳಿ ಸುತ್ತಿ ಬರುತ್ತಿದ್ದದ್ದು ಆ ವರ್ಷ ಡಬ್ಬಿಯಲ್ಲಿ ಬಂತು. ಮುಚ್ಚಳ ತೆಗೆದರೆ ಒಳಗೆ ಬೆರಳುದ್ದದ, ಉಗುರುದ್ದದ ಚೂರುಗಳು. ತಂದ ಸೊಸಿ ಗಿರಿಜಾ, ಅಂದರೆ ಅಕ್ಕನ ಮಗಳು, ಆಗ ಹನ್ನೊಂದು ವರ್ಷದವಳು, ಅಕ್ಕ ಹೇಳಿಕೊಟ್ಟದ್ದನ್ನು ಒಪ್ಪಿಸಿದಳು: “ಈ ವರ್ಷ ಎಳಿ ಬರಲಿಲ್ಲಂತ ಮಾಮಾ. ರುಚಿ ಅದ ಐತೆಂತ.” ಹೆಂಡತಿ ಹಾಲು ಬೆಲ್ಲ ಹಾಕಿ ಬಡಿಸಿದಳು. ರುಚಿ ಅದೇ ಇತ್ತು. ಅದೇ ಕಷ್ಟವಾದದ್ದು.

ತಪ್ಪಿಗಿಂತ ತಪ್ಪಿನ ನಂತರದ ಜಾಣತನ ದೊಡ್ಡದು ಎಂದು ನನಗೆ ಗೊತ್ತಾದದ್ದು ಮುಂದಿನ ಹಂಗಾಮಿನಲ್ಲಿ. ಮತ್ತೆ ಪಾಳಿ ಬಂದಿತು, ಮತ್ತೆ ನಾನು ಕೂಗಬೇಕು. ಕಾಲುವೆಯ ಹತ್ತಿರ ನಿಂತು ಅಕ್ಕನ ಹೆಸರನ್ನು ಬಾಯಲ್ಲಿ ತರುವ ಧೈರ್ಯ ನನಗಿರಲಿಲ್ಲ. ಈಗ ಕೂಗಿ ಅದು ಗಾಳಿಗೂ ಎದುರಾಗಿ ಕೇಳಿಸಿದರೆ, ಅಂದು ಯಾಕೆ ಕೇಳಿಸಲಿಲ್ಲ ಎಂಬ ಪ್ರಶ್ನೆ ತಾನಾಗಿ ಏಳುತ್ತದಲ್ಲ? ನಾನು ಹಿರಿಯರ ಬಳಿ ಹೋಗಿ ಹೇಳಿದೆ: “ಹೋದ ವರ್ಷ ಅಕ್ಕನ ಬೆಳಿ ಹೋತ್ರಿ. ಇನ್ನ ಮ್ಯಾಲೆ ಮೊದಲ ಆಕಿ ಪಾಳಿ ಆಗಲಿ. ಆಕಿದು ಮುಗದ ಮ್ಯಾಲ ನನಗ ಕೂಗಲಿ, ನಾ ತಗೋತೇನಿ.” ಮೇಲಿನ ಹೊಲದವನು ಕೆಳಗಿನವರಿಗೆ ಮೊದಲು ನೀರು ಬಿಡುವುದು ನಮ್ಮ ಸೀಮೆಯಲ್ಲಿ ಯಾರೂ ಕಂಡ ಮಾತಲ್ಲ. ಹಿರಿಯರ ಕಣ್ಣು ಮತ್ತೆ ತುಂಬಿತು, ಬೆನ್ನನ್ನು ಮತ್ತೆ ತಟ್ಟಿದರು. ರಾಮದುರ್ಗದ ಕಡೆಯ ಬೀಗರೊಬ್ಬರಂತೂ ತಮ್ಮ ಮಕ್ಕಳಿಗೆ ನನ್ನ ಉದಾಹರಣೆ ಕೊಟ್ಟರಂತೆ. ಬಾಯಿ ಬಿಡಲು ಹೆದರಿದ ಒಬ್ಬ ಹೇಡಿ ಹೀಗೆ ಎರಡು ತಾಲೂಕಿಗೆ ತ್ಯಾಗಿಯಾದ.

ಆದರೆ ಜಾಣನಿಗೆ ಒಂದು ಲೆಕ್ಕ ತಪ್ಪಿತ್ತು. ಪಾಳಿ ತಿರುವಿ ಹಾಕಿದರೆ ನಾನು ಕೂಗಬೇಕಿಲ್ಲ ಎಂಬುದನ್ನು ನೋಡಿದೆ, ಅಕ್ಕ ಕೂಗುತ್ತಾಳೆ ಎಂಬುದನ್ನು ನೋಡಲಿಲ್ಲ. ಅವಳು ಒಮ್ಮೆಯೂ ತಪ್ಪಿಸಲಿಲ್ಲ. ಪಾಳಿ ಮುಗಿದೊಡನೆ ಬದುವಿನ ಮೇಲೆ ಹತ್ತಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು, “ಈರಣ್ಣಾ... ನೀರ ಬಂತೋ!” ಎಂದು ಒಂದು, ಎರಡು, ಮೂರು. ನಾನು ಹತ್ತು ಮಾರು ದೂರದಲ್ಲಿ, ಕಣ್ಣಿಗೆ ಕಾಣುವಂತೆಯೇ ನಿಂತಿದ್ದರೂ ಮೂರು. ಎಂಥ ಗಾಳಿಯಿದ್ದರೂ ಆ ದನಿ ಕೇಳಿಸುತ್ತಿತ್ತು. ಎಂಟು ವರ್ಷ, ಪ್ರತಿ ಹಂಗಾಮಿನ ಪ್ರತಿ ಪಾಳಿಯಲ್ಲೂ, ಅಕ್ಕ ನನ್ನ ಹೆಸರನ್ನು ಕೂಗಿ ನೀರು ಬಿಟ್ಟಳು. ನನ್ನ ಗೋದಿ ಚೆನ್ನಾಗಿಯೇ ಬೆಳೆಯಿತು.

ಇನ್ನು ಆ ಶಬ್ದದ ಕಥೆ.

ಗಿರಿಜಾ ಬೆಳೆದು ಸವದತ್ತಿಯ ಕಾಲೇಜಿಗೆ ಹೋಗತೊಡಗಿದಳು. ಇಂಗ್ಲಿಷನ್ನೇ ಹಿಡಿದಿದ್ದಳು. ಬೈಲಹೊಂಗಲದ ಪೇಟೆಯಿಂದ ಯಾರೋ ಓದಿ ಮಾರಿದ ಒಂದು ನಿಘಂಟು ತಂದಿದ್ದಳು. ಹೊತ್ತರೆ ಹೆಗಲು ನೋಯುವಷ್ಟು ದಪ್ಪ. ಅದರಲ್ಲಿ ಶಬ್ದದ ಅರ್ಥವಷ್ಟೇ ಅಲ್ಲ, ಅದು ಯಾವ ಊರಿನದು, ಯಾರ ಮನೆಯದು, ಮೊದಲು ಏನಾಗಿತ್ತು ಎಂಬುದೂ ಇತ್ತು. ಕನ್ಯೆ ನೋಡಲು ಹೋದವರು ಕೇಳುವಷ್ಟು ವಿವರ. ಒಂದು ಭಾನುವಾರ ಮುಂಜಾನೆ ನಮ್ಮ ಕಟ್ಟೆಯ ಮೇಲೆ ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅಕ್ಕ ಮೊರದಲ್ಲಿ ಗೋದಿ ಹಸನು ಮಾಡುತ್ತಿದ್ದಳು. ನನಗೆ ಆಟ ಹುಟ್ಟಿತು.

“ಇಂಗ್ಲೀಷ ನನಗೂ ಬರತೈತಿ. ಕೆನಾಲ ಅಂದ್ರ ಏನ ಹೇಳು ನೋಡೂಣು, ನಿನ್ನ ಪುಸ್ತಕದಾಗ.”

ಗಿರಿಜಾ ಹಾಳೆ ತಿರುವಿದಳು. “ಮೊದಲ ಅದರ ಅರ್ಥ ಆಪು ಹುಲ್ಲಿನ ಕೊಳವಿ ಅಂತ ಮಾಮಾ. ಪೊಳ್ಳು ಕಡ್ಡಿ. ಅದರಾಗ ನೀರ ಹರಸತಿದ್ರು, ಮುಂದ ಕೆನಾಲ ಆತು.”

ನನಗೆ ಖುಷಿಯಾಯಿತು. ಅಷ್ಟು ದೊಡ್ಡ ಸಾಹೇಬನಂಥ ಕೆನಾಲಿನ ಅಜ್ಜ ಒಂದು ಪೊಳ್ಳು ಕಡ್ಡಿ! ಆ ಉಮೇದಿನಲ್ಲಿ, ಯೋಚಿಸದೆ, ಗೊತ್ತಿದ್ದ ಇನ್ನೊಂದು ಶಬ್ದ ಬಾಯಿಂದ ಬಿತ್ತು. “ರೈವಲ್?”

ಅವಳು ಬೆರಳಿಟ್ಟು ಓದಿದಳು. ಹುಬ್ಬು ಮೇಲೇರಿತು. “ಅಯ್ಯ, ಇದು ಛಲೋ ಐತಿ. ಇದು ರೋಮ ಅಂಬೋ ಊರಿಂದು. ಅವರ ಭಾಷಾದಾಗ ಹಳ್ಳಕ್ಕ ಒಂದ ಹೆಸರ ಐತಿ, ಅದರಿಂದ ಬಂದೇತಿ. ಒಂದ ಹಳ್ಳದ ನೀರ ತಮ್ಮ ತಮ್ಮ ಹೊಲಕ್ಕ ತಗೊಳ್ಳಾವ್ರು, ಅವ್ರಿಗೆ ಹಂಗ ಅಂತಿದ್ರಂತ. ಆಮ್ಯಾಲ ವೈರಿ ಅಂತ ಆತು.”

ಅಕ್ಕನ ಮೊರ ಒಂದು ಸಲ ನಿಂತು ಮತ್ತೆ ಕೇರತೊಡಗಿತು.

ಗೆಳೆಯರೇ, ಈಗ ನನ್ನೊಂದಿಗೆ ಸ್ವಲ್ಪ ದೂರ ಬನ್ನಿ. ಎಷ್ಟೋ ನೂರು ವರ್ಷದ ಹಿಂದೆ, ಮನೋಳಿಯ ಹೆಸರು ಕೇಳದ ಯಾವುದೋ ದೇಶದಲ್ಲಿ, ಒಬ್ಬ ಮೇಲಿನ ಹೊಲದವನೂ ಒಬ್ಬ ಕೆಳಗಿನ ಹೊಲದವನೂ ಇದ್ದರು. ಅವರಿಗೆ ಜೋಳದ ರೊಟ್ಟಿ ಗೊತ್ತಿರಲಿಲ್ಲ, ಆದರೆ ಪಾಳಿ ಗೊತ್ತಿತ್ತು. ಮೊದಮೊದಲು ಆ ಶಬ್ದದಲ್ಲಿ ಒಂದು ಹನಿಯೂ ವಿಷವಿರಲಿಲ್ಲ. ಇವರಿಬ್ಬರು ಒಂದೇ ನೀರಿನವರು ಎಂದಷ್ಟೇ ಅರ್ಥ. ಆಮೇಲೆ ಒಂದು ದಿನ ಯಾವನೋ ಒಬ್ಬ ಕೂಗದೆ ಊಟಕ್ಕೆ ಹೋಗಿರಬೇಕು. ನಮ್ಮ ಭಾಷೆಯ ದಾಯಾದಿಯ ಗತಿಯೂ ಇದೇ. ದಾಯ ಎಂದರೆ ಪಾಲು, ಪಾಲು ಹಂಚಿಕೊಂಡವನು ದಾಯಾದಿ. ಎಷ್ಟು ಮರ್ಯಾದೆಯ ಶಬ್ದ! ಈಗ ದಾಯಾದಿ ಎಂದರೆ ಬೇಲಿಯ ಹಿಂದೆ ಕುಡುಗೋಲು ಮಸೆಯುವವನು. ಮರಾಠಿಯಿಂದ ನಾವು ತಂದುಕೊಂಡ ಭಾವಬಂದಕಿಯೂ ಅಣ್ಣತಮ್ಮಂದಿರ ನಂಟೆಂದೇ ಹುಟ್ಟಿ, ಜಗಳವೆಂದು ಬದುಕುತ್ತಿದೆ. ಅಲ್ಲಿ ನೀರು ಹಂಚಿಕೊಂಡವರು, ಇಲ್ಲಿ ಪಾಲು ಹಂಚಿಕೊಂಡವರು, ಪಕ್ಕದ ಸೀಮೆಯಲ್ಲಿ ತಾಯಿಯ ಹೊಟ್ಟೆ ಹಂಚಿಕೊಂಡವರು; ಮೂರು ಭಾಷೆಗಳು ಒಂದನ್ನೊಂದು ಕೇಳದೆ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿವೆ. ಇದರಿಂದ ನನ್ನಂಥವನಿಗೆ ಮೊದಲು ಬರುವುದು ಸಮಾಧಾನ. ಲೋಕವೇ ಹೀಗೆ, ರೋಮಿನವನೇ ಹೀಗೆ, ಈರಣ್ಣ ಯಾವ ಲೆಕ್ಕ? ಅಂದು ರಾತ್ರಿ ಊಟಕ್ಕೆ ಕೂತಾಗ ಆ ಸಮಾಧಾನದಲ್ಲಿ ಒಂದು ರೊಟ್ಟಿ ಹೆಚ್ಚಿಗೆ ತಿನ್ನಬಹುದಿತ್ತು, ಹಲಗೆಯ ಮೇಲೆ ಆ ಡಬ್ಬಿ ಇಲ್ಲದಿದ್ದರೆ.

ಏಕೆಂದರೆ ಮೂಲ ಅರ್ಥ ಹಿಡಿದು ಕೂತರೆ ಅದು ಕ್ಷಮಿಸುವುದಿಲ್ಲ. ವೈರಿ ಎಂದರೆ ದೂರದವನು, ಬೇರೆಯವನು ಎಂದು ನಾವು ತಿಳಿದಿರುತ್ತೇವೆ. ಆ ಶಬ್ದ ಹೇಳುವುದು ಬೇರೆ: ದೂರದವನಿಗೆ ನಿನ್ನ ವೈರಿಯಾಗುವ ಯೋಗ್ಯತೆಯೇ ಇಲ್ಲ. ಅವನ ನೀರೇ ಬೇರೆ. ನಿನ್ನ ನೀರನ್ನೇ ಕುಡಿದವರು, ನಿನ್ನ ಕೂಗು ಕೇಳಿಸುವಷ್ಟು ಹತ್ತಿರ ಕೂತವರು ಮಾತ್ರ ಆ ಪದವಿಗೆ ಬರುತ್ತಾರೆ. ಗಿರಿಜಾ ಇನ್ನೊಂದು ಸಂಗತಿ ಹೇಳಿದಳು. ಒಂದು ಶಬ್ದ ಇನ್ನೊಂದರಿಂದ ಹುಟ್ಟಿತು ಎನ್ನಲು ಇಂಗ್ಲಿಷಿನವರು ಡಿರೈವ್ ಎನ್ನುತ್ತಾರಂತೆ. ಅದೂ ಅದೇ ಹಳ್ಳದ ಕೂಸೇ, ಹಳ್ಳದಿಂದ ಕಾಲುವೆ ತೋಡಿ ನೀರು ಎಳೆದುಕೊಳ್ಳುವುದೆಂದೇ ಅದರ ಮೊದಲ ಅರ್ಥವಂತೆ. ಅಂದರೆ ಶಬ್ದಗಳ ಮೂಲ ಹುಡುಕುತ್ತ ಹೋದವನು ಕೂಡ ಕೊನೆಗೆ ಒಂದು ಹೊಲಗಾಲುವೆಯ ದಂಡೆಗೇ ಬಂದು ನಿಲ್ಲುತ್ತಾನೆ. ನಾನು ಬಂದು ನಿಂತೆ.

ಆದರೆ ಕಟ್ಟೆಯ ಮೇಲಿನ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಅಕ್ಕ ಮೊರವನ್ನು ಕೆಳಗಿಟ್ಟು, “ಆ ರೋಮಿನ ಮಂದಿ ಕೂಗಿ ನೀರ ಬಿಡತಿದ್ರೇನ, ಗಿರಿಜಾ?” ಎಂದಳು.

“ಅದನ್ನ ಇದರಾಗ ಬರದಿಲ್ಲಬೇ ಯವ್ವ.”

“ಬರದಿರೂದಿಲ್ಲ ಬಿಡು. ಕೂಗಿದ್ರ ವೈರಿ ಯಾಕ ಆಗತಿದ್ರು?” ಎಂದು ನಕ್ಕಳು. ಆಮೇಲೆ, ಗೋದಿಯಲ್ಲಿನ ಒಂದು ಕಲ್ಲನ್ನು ಆರಿಸುತ್ತ, ನನ್ನ ಕಡೆ ನೋಡದೆ ಹೇಳಿದಳು: “ಅವತ್ತ ನಾ ಬನ್ನಿಗಿಡದ ಬುಡಕ ಕುಂತಿದ್ದೆ. ನೀರ ಬರೂದು ಕಂಡೆ. ಯಾಕ ಇಂವ ಕೂಗವಲ್ಲ, ಹೋಗಿ ಕೇಳೂಣಂತ ಎದ್ದೆ. ನೀ ಗುದ್ದಲಿ ಹೆಗಲಮ್ಯಾಲ ಇಟ್ಕೊಂಡ ಹೊಂಟಿದ್ದಿ. ಕೂಗೇನಂದೆ. ಹೊಂಟಾವನ ಹಿಂದಿಂದ ಕೂಗಬಾರದಲ್ಲ, ಕೆಟ್ಟಾಗತೈತಿ. ಸುಮ್ನ ಕುಂತೆ.”

ಗಿರಿಜಾ ನಿಘಂಟಿನಿಂದ ತಲೆ ಎತ್ತಿದಳು. “ಮತ್ತ ನೀರ ಮುಂದ ಹರ್ಯಾಕ ಹತ್ತಿತ್ತಲ್ಲಬೇ, ನೀನ ಹೊಲದ ಬಾಯಿ ತೆರಿಬೇಕಿತ್ತಿಲ್ಲೋ?”

“ಕೂಗಲಾರದ ನೀರಿಗೆ ಗುದ್ದಲಿ ಹಾಕಬಾರದಂತ ನಿಮ್ಮಜ್ಜ ಹೇಳಿದ್ದ. ಅಪ್ಪನ ಮಾತ ಮುರಿಯಾಕ ಮನ್ಯಾಗ ಒಬ್ಬಾಂವ ಇದ್ರ ಸಾಕಾಗೂದಿಲ್ಲೇನು?”

ಹೀಗೆ, ಎಂಟು ವರ್ಷದಿಂದ ನಾನು ಬಚ್ಚಿಟ್ಟ ಗುಟ್ಟು ಎಂಟು ವರ್ಷದಿಂದ ಅವಳ ಬಳಿಯೇ ಇತ್ತು. ನಾನು ಹಗೆಯಿಂದ ಕೂಗಲಿಲ್ಲ. ಹೊರಟ ತಮ್ಮನಿಗೆ ಕೇಡಾಗದಿರಲೆಂದು ಅವಳು ಕೂಗಲಿಲ್ಲ. ಇಬ್ಬರ ಮೌನದ ನಡುವೆ ಅಷ್ಟೂ ನೀರು ಹಳ್ಳಕ್ಕೆ ಹೋಯಿತು. ಅಲ್ಲಿಯೇ, ಆಗಲೇ, ಎರಡು ಮಾತು ಆಡಬೇಕಿತ್ತು. ಬಾಯಿ ತೆರೆದೆ ಕೂಡ.

“ಚಾ ಕುಡೀತಿಯೇನ ಅಕ್ಕಾ?” ಎಂದೆ.

“ಮಾಡಸು,” ಎಂದಳು.

ಅದಾದ ಮೇಲಿನ ಹಿಂಗಾರಿಗೆ ನಾನು ಹಿರಿಯರ ಬಳಿ ಹೋದೆ. ಪಾಳಿಯನ್ನು ಮೊದಲಿನ ಹಾಗೆಯೇ ಮಾಡಿರೆಂದೆ: ಮೊದಲು ನನ್ನದು, ಆಮೇಲೆ ಅಕ್ಕನದು. ಹಿರಿಯರ ಕಣ್ಣು ಈ ಸಲ ತುಂಬಲಿಲ್ಲ, ಕೆಂಪಾಯಿತು. “ಯಾಕೋ, ಅಕ್ಕನ ನೀರಿನ ಮ್ಯಾಲ ಕಣ್ಣ ಬಿತ್ತೇನು?” ಎಂದರು. ಚಹಾದಂಗಡಿಯಲ್ಲಿ ರುದ್ರಪ್ಪ, “ನಾ ಅವತ್ತ ಹೇಳಿದ್ನಿಲ್ಲ, ರೈವಲ್ ಅಂತ?” ಎಂದು ಎಂಟು ವರ್ಷದ ಹಳೆಯ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡ. ತಪ್ಪು ಮಾಡಿದಾಗ ಬೆನ್ನು ತಟ್ಟಿದ ಕೈಗಳೇ, ತಿದ್ದಿಕೊಳ್ಳಲು ಹೊರಟಾಗ ಬೆರಳು ತೋರಿಸಿದವು. ರಾಮದುರ್ಗದ ಬೀಗರು ತಮ್ಮ ಮಕ್ಕಳಿಗೆ ಈಗ ಯಾರ ಉದಾಹರಣೆ ಕೊಡುತ್ತಾರೋ ತಿಳಿಯದು. ಯಾಕೆ ಹೀಗೆ ಎಂದು ಅಕ್ಕ ಮಾತ್ರ ಕೇಳಲಿಲ್ಲ. “ಆಗಲಿ” ಎಂದಳು.

ಪಾಳಿಯ ದಿನ ಮುಂಜಾನೆ ಹೊಲಕ್ಕೆ ಹೊರಟಾಗ ಹಲಗೆಯ ಮೇಲಿಂದ ಡಬ್ಬಿಯನ್ನು ಇಳಿಸಿದೆ. ಹೆಂಡತಿ ನೋಡಿ, “ಹಂಗ ಖಾಲಿ ಒಯ್ತೀರೇನ್ರಿ? ತಡೀರಿ, ಬೆಲ್ಲರೆ ಹಾಕತೇನ್ರಿ,” ಎಂದಳು. ಬೇಡವೆಂದೆ. ಬೆಲ್ಲ ಹಾಕಿಬಿಟ್ಟರೆ ಬೆಲ್ಲ ಕೊಟ್ಟೇ ಬಂದುಬಿಡುತ್ತೇನೆ ಎಂಬುದು ನನಗೆ ಗೊತ್ತಿತ್ತು. ನನ್ನನ್ನು ನಾನು ಅಷ್ಟಾದರೂ ಬಲ್ಲೆ.

ಮಧ್ಯಾಹ್ನ ನನ್ನ ಹೊಲದ ಬಾಯಿಗೆ ಮಣ್ಣು ಹಾಕಿ ತುಳಿದೆ. ನೀರು ಕ್ಷಣಹೊತ್ತು ನಿಂತಿತು. ಬದುವಿನ ಮೇಲೆ ಹತ್ತಿ ಕೈಯನ್ನು ಬಾಯಿಗೆ ಅಡ್ಡ ಹಿಡಿದೆ. ಬನ್ನಿಗಿಡದ ಬುಡದಲ್ಲಿ ಅಕ್ಕ ಕೂತಿದ್ದಳು, ತೊಡೆಯ ಮೇಲೆ ಗುದ್ದಲಿ. ತಲೆಯ ಸೆರಗಿನ ಕೆಳಗೆ ಕೂದಲು ಯಾವಾಗ ಅಷ್ಟು ಬೆಳ್ಳಗಾಯಿತೋ ನಾನು ನೋಡಿರಲಿಲ್ಲ. “ನೀಲಕ್ಕಾ... ನೀರ ಬಂತಬೇ!” ಎಂದೆ. ಮೊದಲನೆಯದು ಗಂಟಲಲ್ಲೇ ಅರ್ಧ ಉಳಿಯಿತು. ಎರಡನೆಯದು ಹೊರಬಂತು. ಮೂರನೆಯದು ಹಳ್ಳದ ಆಚೆಯ ದಂಡೆಗೆ ಬಡಿದು ಹಿಂದಕ್ಕೆ ಬಂತು. ಅಕ್ಕ ಎದ್ದು, ಸೀರೆ ಎತ್ತಿ ಕಟ್ಟಿ, ತನ್ನ ಹೊಲದ ಬಾಯಿ ತೆರೆದಳು. ನೀರು ಗೋದಿಯೊಳಗೆ ಹೊಕ್ಕಿತು.

ಕೂಗಿದವನ ಕೆಲಸ ಅಲ್ಲಿಗೆ ಮುಗಿಯುತ್ತದೆ. ನಾನು ಮನೆಯ ಕಡೆ ಹೋಗದೆ, ಡಬ್ಬಿ ಹಿಡಿದುಕೊಂಡು ಕಾಲುವೆಯ ದಂಡೆಗುಂಟ ಕೆಳಗೆ ನಡೆದೆ. ಅಕ್ಕ ಮೊಣಕಾಲತನಕ ಕೆಸರಿನಲ್ಲಿ ನಿಂತಿದ್ದಳು.

“ಕೇಳಿತಪಾ, ಮೂರೂ ಕೇಳಿದೂ,” ಎಂದಳು. “ಮತ್ಯಾಕ ಬಂದಿ?”

ಡಬ್ಬಿಯನ್ನು ಚಾಚಿದೆ. ಅವಳು ಕೆಸರುಗೈಯನ್ನು ಸೆರಗಿಗೆ ಒರೆಸಿ ತೆಗೆದುಕೊಂಡಳು. ತನ್ನ ಹೆಸರಿನ ಚುಕ್ಕಿಗಳ ಮೇಲೆ ಹೆಬ್ಬೆರಳು ಆಡಿಸಿದಳು. ಮುಚ್ಚಳ ತೆಗೆದು ಒಳಗೆ ನೋಡಿದಳು, ಆಮೇಲೆ ನನ್ನನ್ನು.

“ಎಂಟ ವರ್ಷ ಇಟಗೊಂಡು, ಖಾಲಿ ಡಬ್ಬಿ ಕೊಡತಾರೇನೋ ಹುಚ್ಚಪ್ಯಾಲಿ?”

“ಅವತ್ತ ಗಾಳಿ ಇರಲಿಲ್ಲ ಅಕ್ಕಾ,” ಎಂದೆ. “ನಾ ಕೂಗಲಿಲ್ಲ. ಬೇಕಂತ ಕೂಗಲಿಲ್ಲ. ತಪ್ಪಾತು.”